ನೀರಾಗ ಕಲಸಿದ ಪುಡಿ

ಚಿತ್ತವಾಡ್ಗಿ, ಹೊಸಪೇಟೆ
೧೨-೬-೨೦೦೮

ಚಿರಂಜೀವಿ ಕಾವ್ಯಾಗೆ,

ನಿನ್ನ ಹಂಪತ್ತಿ ಮಾಡೋ ಆಶೀರ್ವಾದ. ಇಲ್ಲಿ ಎಲ್ಲಾರೂ ಕ್ಷೇಮ ಅಂತ ಮೊದಲನೇ ಸಾಲಿನಾಗ ಬರೀಬೇಕು ಅಂತ ನಮ್ಮ ಸಾಲಿ ಮಾಸ್ತರು ಕಲಿಸಿದ್ರು. ಬರಿಯಾಕ ಕುಂತೆ, ಕೈ ಓಡಲಿಲ್ಲ. ನಿನ್ನ ಎರಡು ಕಾಗದ ಬಾಜೂಕಿನ ತಾಯಕ್ಕನ ಮನ್ಯಾಗ ಬಂದು ಬಿದ್ದು ಭಾಳ ದಿನ ಆತು, ಅತ್ತಿ ಉತ್ತರ ಕೊಡಲಿಲ್ಲ ಅಂತ ಸಿಟ್ಟಾಗಬ್ಯಾಡವ್ವ. ಫೋನ್ ಮಾಡು ಅಂತೀ. ಫೋನು ಇರೋದು ಪಡಸಾಲಿಯಾಗ, ನಿಮ್ಮಪ್ಪ ಈಗ ದಿನವಿಡೀ ಕುಂದ್ರೋದೂ ಪಡಸಾಲಿಯಾಗ. ಅವನ ಮುಂದ ನಿನ್ನ ಕೂಡ ಏನಂತ ಮಾತಾಡ್ಲಿ? "ಈ ಹೊಸ್ತಿಲ ತುಳೀಬ್ಯಾಡ" ಅಂತ, ನೀ ಮೀನುಗಾರರ ಮನಿ ಪಂಪೇಶನ್ನ ಲಗ್ನ ಆದದ್ದಕ್ಕ, ನಿನಗ ಅಂದ ದಿನದಿಂದ ಅವ ನಿನ್ನ ಹೆಸರು ಎತ್ತಿಲ್ಲ, ನಾನೂ ಅವನ ಮುಂದ ಎತ್ತಿಲ್ಲ. ಎರಡು ವರ್ಷದ ಮ್ಯಾಲಾತು. ಅಕ್ಕ ತಮ್ಮ ಇಬ್ಬರಾ ಇರೋ ಮನಿ, ಅದರಾಗ ಒಂದು ಹೆಸರು ಬಿಟ್ಟು ಉಳಿದದ್ದೆಲ್ಲಾ ಮಾತಾಡೋದು ಅಂದ್ರ ಎಷ್ಟು ಕಷ್ಟ ಗೊತ್ತೈತೇನು ನಿನಗ?

ನಿಮ್ಮಪ್ಪನ ಕಾಲಿನ ಗಾಯ ಮಾದಿಲ್ಲ. ಇದಾ ಸುದ್ದಿ. ಪೆಟ್ಟಾದದ್ದು ನಿನಗ ಗೊತ್ತೈತಿ, ಹೆಂಗಾತು ಅಂತ ಹೇಳ್ತೀನಿ. ಸಂಡೂರು ರಸ್ತೆದಾಗಿನ ನಮ್ಮ ಹೊಲ ಅದಿರು ಸುರಿಯಾಕ ಕೊಟ್ಟಾನ ಅಂತ ಹಿಂದ ಬರೆದಿದ್ದೆ. ಅಲ್ಲಿ ಲಾರಿ ಹಿಂದಿನ ಬಾಗಿಲ ಬಿಚ್ಚೋವಾಗ ಒಂದು ಅದಿರಿನ ಗುಂಡು ಜಾರಿ ಎಡಗಾಲಿನ ಮ್ಯಾಲೆ ಬಿತ್ತು. ಸಕ್ಕರಿ ಕಾಯಿಲಿ ಮನಿಷ್ಯಾಗ ಕಾಲಾಗ ಅರಿವೇ ಇರಂಗಿಲ್ಲಂತ. "ಏನಾಗಿಲ್ಲ ಬಿಡಕ್ಕ" ಅಂತ ಅದಾ ಚಪ್ಪಲಿ ಮೆಟ್ಟಿಕೊಂಡು ಕಂಪ್ಲಿ ರೈಸ್‌ಮಿಲ್ಲಿಗೆ ಹೋಗಿ ಬಂದ. ಸಂಜೀಕ ಚಪ್ಪಲಿ ಬಿಚ್ಚಿದ್ರ ಕಾಲಚೀಲ ತೊಗಲಿಗೆ ಅಂಟಿಕೊಂಡಿತ್ತು. ಅವತ್ತಿನಿಂದ ಇವತ್ತಿನಮಟ ಆ ಗಾಯ ಒಂದು ದಿನ ಒಣಗಿದಂಗ ಮಾಡ್ತೈತಿ, ಮರುದಿನ ಮತ್ತ ಕೀವು. ಡಾಕ್ಟರಮ್ಮ ನಿನ್ನ ವಾರಿಗಿಯಾಕಿ, ನಿನ್ನಷ್ಟಾ ವಯಸ್ಸು, ಭಾಳ ಶಾಣ್ಯಾಕಿ. ಆದ್ರ ನಿನ್ನೆ ನನ್ನ ಹೊರಗ ಕರೆದು, "ಅಜ್ಜಿ, ಎಲುಬಿಗೆ ಇಳಿದ್ರ ಪಾದ ತೆಗೀಬೇಕಾಕೈತಿ" ಅಂದ್ಲು. ಒಳಗ ಬಂದು ಅವನ ಮುಖ ನೋಡಾಕ ನನಗ ಆಗಲಿಲ್ಲ. "ಏನಂದ್ರು?" ಅಂದ. "ಖಾರ ಕಡಿಮಿ ಮಾಡು ಅಂದ್ರು" ಅಂದೆ.

ಒಂದು ಕಡೆ ಕುಂದ್ರಾಕ ಆಗವಲ್ದು ಕಾವ್ಯಾ. ಒಲಿ ಮುಂದ ಕುಂತ್ರ ಪಡಸಾಲಿಗೆ ಹೋಗಬೇಕು ಅನಸ್ತೈತಿ, ಪಡಸಾಲಿಗೆ ಬಂದ್ರ ಅವನ ಕಾಲಿನ ಬಟ್ಟಿ ಕಣ್ಣಿಗೆ ಬೀಳ್ತೈತಿ, ಎದ್ದು ಹೊರಗ ಹೊಕ್ಕೀನಿ. ಹೊರಗರ ಏನೈತಿ? ಲಾರಿ, ಲಾರಿ, ಲಾರಿ. ಮುಂಜಾನಿ ಹಣಿಗೆ ಹಚ್ಚಿಕೊಂಡ ವಿಭೂತಿ ಮಧ್ಯಾಹ್ನಕ್ಕ ಕುಂಕುಮ ಆಗಿರ್ತೈತಿ, ಅಷ್ಟು ಕೆಂಪು ಧೂಳು. ಒಣಗಹಾಕಿದ ನನ್ನ ಬಿಳಿ ಸೀರಿ ನೋಡಿ ತಾಯಕ್ಕ, "ಏನ್ರಿ ಹಂಪಮ್ಮ, ಈ ವಯಸ್ಸಿನ್ಯಾಗ ಬಣ್ಣದ ಸೀರಿ!" ಅಂತ ನಗ್ಯಾಡ್ತಾಳ. ಆಕಿ ಮೊನ್ನೆ ಒಂದು ಬುಟ್ಟಿ ಮಾವಿನಹಣ್ಣು ಕೊಟ್ಲು. ಅಷ್ಟೂ ಓಣಿ ಹುಡುಗರಿಗೆ ಹಂಚಿದೆ. ಈ ವರ್ಷ ನಾ ಮಾವು ಬಾಯಿಗೆ ಹಚ್ಚಂಗಿಲ್ಲ. ಯಾಕಂತ ಕೇಳಬ್ಯಾಡ. ನಮ್ಮ ಮನಿ ಪದ್ಧತಿ ನಿನಗ ಗೊತ್ತೈತಿ. ದೇವರಿಗೆ ಏನರ ಬೇಡಿಕೊಂಡ್ರ ಬಾಯಿಗೆ ಭಾಳ ಪ್ರೀತಿ ಇದ್ದದ್ದನ್ನ ಬಿಡಬೇಕು, ಬೇಡಿದ್ದು ಕೈಗೂಡೋಮಟ ಮುಟ್ಟಬಾರದು, ಯಾಕ ಬಿಟ್ಟೆ ಅಂತ ಬಾಯಿ ಬಿಡಲೂಬಾರದು. ಬಾಯಿ ಬಿಟ್ರ ಹರಕಿ ಕೆಡ್ತೈತಿ. ನಿಮ್ಮಜ್ಜಿ ಎಲಿ ಅಡಿಕಿ ಬಿಟ್ಟು ಮೂರ್ನಾಲ್ಕು ವರ್ಷ ಆಗಿತ್ತು. ಹಲ್ಲು ನೋವೇನೋ ಅಂತ ನಾವು ಅನಕೊಂಡಿದ್ವಿ. ನೀ ಹುಟ್ಟಿದ ದಿನ ಬಾಣಂತಿ ಕೋಣಿ ಬಾಗಿಲಾಗಾ ಕುಂತು ಎಲಿ ಮಡಚಿ ಬಾಯಿಗೆ ಇಟ್ಟುಕೊಂಡ್ಲು ನೋಡು, ಆವಾಗ ಎಲ್ಲಾರಿಗೂ ತಿಳೀತು.

ನಿನ್ನ ಡಬ್ಬಿ ಮುಟ್ಟಿತು. ಪಂಪೇಶನ ತಾಯಿ, ನಿಮ್ಮತ್ತಿ ಹೊಳೆಮ್ಮ ತಂದು ಕೊಟ್ಲು. ಡ್ಯಾಮಿನ ಹತ್ರ ಮೀನು ಮಾರಾಕ ಕುಂದ್ರೋ ಬುಟ್ಟಿ ಅಲ್ಲ, ಬ್ಯಾರೆ ಹೊಸಾ ಬುಟ್ಟಿಯಾಗ, ಒಗೆದ ಬಟ್ಟಿ ಸುತ್ತಿ ತಂದಿದ್ಲು. ಹಿಂದಿನ ಬಾಗಿಲಿಗೆ ಬಂದು ನಿಂತ್ಲು. ಬೀಗತಿ ಅಂದ್ರ ಕುಂದ್ರಿಸಿ ಉಡಿ ತುಂಬಬೇಕು, ನಾ ಡಬ್ಬಿ ಇಸಕೊಂಡು ಬಾಗಿಲ ಹಾಕಿದೆ.

ನೀ ಬರೆದದ್ದು ಎರಡು ಸಲ ಓದಿದೆ. ಮೀನು ಕೊಯ್ದ ಮ್ಯಾಲೆ ಬಿಸಾಕೋ ತೊಗಲು, ಮೈಮ್ಯಾಲಿನ ಹುರುಪಿ, ಎಲುಬು ಅವನ್ನೆಲ್ಲಾ ತೊಳೆದು ಕುದಿಸಿ ಒಣಗಿಸಿ ಮಾಡಿದ ಪುಡಿ, ನೀ ಕೆಲಸ ಮಾಡೋ ಮಂಗಳೂರಿನ ಕಾರ್ಖಾನಿಯಾಗಾ ಮಾಡಿದ್ದು, ಗಾಯ ಮಾಯಾಕ ಮೈಗೆ ಬಲ ಕೊಡಬಹುದು, ಆದ್ರ ಔಷಧಿ ಅಲ್ಲ, ಡಾಕ್ಟರನ್ನ ಬಿಡಬ್ಯಾಡ್ರಿ ಅಂತ. ಹಾಲಾಗ ಒಂದು ಚಮಚ ಕಲಸಿ ಕೊಡು ಅಂತ. ಅಪ್ಪಗ ಹೇಳದಾ ಕೊಡಬ್ಯಾಡ ಅಂತ. ಏನವ್ವಾ ನಿನ್ನ ನ್ಯಾಯ! ತತ್ತಿ ಮಾರೋ ಗಾಡಿ ಮನಿ ಮುಂದ ನಿಂತ್ರ ಬಡಿಗಿ ತಗೊಂಡು ಹೊಕ್ಕಿದ್ದ ನಿಮ್ಮಪ್ಪ. ಲಿಂಗಪೂಜಿ ಆಗದಾ ನೀರು ಕುಡಿಯದಾವಗ "ತಗೋ, ಇದು ಮೀನಿನ ತೊಗಲು" ಅಂತ ಹೆಂಗ ಹೇಳ್ಲಿ? ಹೇಳದಾ ಹಾಕ್ತೀನಿ. ಪಾಪ ಬಂದ್ರ ನನಗ ಬರ್ಲಿ, ಅವಗ ಕಾಲು ಉಳೀಲಿ. ಹಾಲಾಗ ಹಾಕಾಕ ಆಗಂಗಿಲ್ಲ, ಅವ ಹಾಲು ಮೊಸರು ಬಿಟ್ಟಾನ, ಸಕ್ಕರಿ ಕಾಯಿಲಿಗೆ ಆಗಂಗಿಲ್ಲಂತ. ಕೆನಿಹಾಲು ಕುಡಿದು ಮೀಸಿ ಒರೆಸಿಕೊಂತ ನಿನ್ನ ನಗಿಸ್ತಿದ್ದ ಮನಿಷ್ಯಾ! ಸಾರಿನಾಗ ಹಾಕ್ತೀನಿ.

ನಿನ್ನ ಅತ್ತಿ,
ಹಂಪಮ್ಮ


ಚಿತ್ತವಾಡ್ಗಿ
೩೦-೬-೨೦೦೮

ಚಿ. ಕಾವ್ಯಾಗೆ ಹಂಪತ್ತಿಯ ಆಶೀರ್ವಾದ.

ಈ ಸಲ ತಡ ಮಾಡಿಲ್ಲ ನೋಡು. ಯಾರ ಮುಂದರ ಹೇಳದಿದ್ರ ನನಗ ಉಂಡದ್ದು ಇಳಿಯಂಗಿಲ್ಲ.

ನಾ ಸಾರಿನಾಗ ಹಾಕಿದೆ. ಬ್ಯಾಳಿ ಸಾರು, ಬಳ್ಳೊಳ್ಳಿ ಒಗ್ಗರಣಿ. ವಾಸನಿ ಬರಬಾರದು ಅಂತ ಒಂದು ಹಿಡಿ ಕೊತ್ತಂಬರಿ ಜಾಸ್ತಿ. ಪುಡಿಗೆ ವಾಸನೀನಾ ಇಲ್ಲ ಬಿಡು, ನನ್ನ ಮೂಗಿಗೆ ಅಷ್ಟಾ ಬರಾಕತ್ತಿತ್ತು. ಅವ ಪೂಜಿ ಮುಗಿಸಿ, ಹಸೀ ವಿಭೂತಿ ಹಣಿಮ್ಯಾಲೆ, ಕುಂಟಿಕೊಂತ ಬಂದು ಕುಂತ. ರೊಟ್ಟಿ ಮುರಿದ. ಕಣ್ಣು ಮುಚ್ಚಿ "ಶಿವಾ" ಅಂದ. ಆ ಒಂದು ಮಾತು ಕೇಳಿದ ಕೂಡಲೆ ನನ್ನ ಕೈ ತಾನಾ ಹೋಗಿ ಬಟ್ಟಲ ಕಸಕೊಂಡಿತು.

"ಯಾಕಕ್ಕ?"

"ಬಿಸಿ ಐತಿ."

"ಬಿಸಿ ಸಾರು ಕಸಕೊಳ್ಳೋದು ಯಾವಾಗ ಕಲಿತಿ? ಏನು ಹಾಕೀಯ ಅದರಾಗ?"

ಸಣ್ಣಾವಿದ್ದಾಗ ನಾ ಜ್ವರದ ಗುಳಿಗಿ ಬೆಲ್ಲದಾಗ ಇಟ್ಟು ಕೊಟ್ರೂ ಹಿಂಗಾ ಕಣ್ಣು ಸಣ್ಣ ಮಾಡಿ ನೋಡ್ತಿದ್ದ. ನನಗ ಸಿಟ್ಟು ಬಂತು. ಯಾರ ಮ್ಯಾಲೆ ಅಂತ ಗೊತ್ತಿಲ್ಲ. "ಲೇ ಕೊಟ್ರ, ಮೀನಿನ ಪುಡಿ ಹಾಕೀನಿ. ಮೀನಿನ ತೊಗಲಿಂದು. ನಿನ್ನ ಮಗಳು ಕಳಿಸ್ಯಾಳ, ನಿನ್ನ ಹಾಳು ಕಾಲು ಮಾಯಲಿ ಅಂತ. ಹೇಳಿ ಕೊಡು ಅಂದಿದ್ಲು, ನಾನಾ ಕದ್ದು ಹಾಕಿದೆ. ಬೈಯೋದಿದ್ರ ನನಗ ಬೈ!" ಅಂತ ಒಂದಾ ಉಸಿರಿಗೆ ಅಂದುಬಿಟ್ಟೆ.

ಅವ ಬೈಲಿಲ್ಲ. ರೊಟ್ಟಿ ಕೈಯಾಗಾ ಇತ್ತು. "ಯಾರು ತಂದ್ರು?" ಅಂದ.

"ಹೊಳೆಮ್ಮ. ಪಂಪೇಶನ ತಾಯಿ."

"ಯಾವ ಬಾಗಿಲಿಲೆ?"

"ಹಿಂದಿನ ಬಾಗಿಲಿಲೆ. ಮತ್ತ್ಯಾವ ಬಾಗಿಲಿಲೆ ಬರಬೇಕಿತ್ತು, ನಿನ್ನ ಹೆದರಿಕೀಗೆ?"

"ಮುಂದಿನ ಬಾಗಿಲಿಗೆ ಏನಾಗೈತಿ?" ಅಂದ. ಸಿಟ್ಟಿಲೆ ಅಂದ್ನೋ ಹಂಗಾ ಅಂದ್ನೋ ನನಗ ಇನ್ನಾ ತಿಳಿದಿಲ್ಲ. ಬರೇ ರೊಟ್ಟಿ ಖಾರಪುಡಿ ತಿಂದು ಎದ್ದ. ಏಳೋವಾಗ, "ಡಬ್ಬಿ ಇಲ್ಲಿ ಕೊಡು" ಅಂದ. ಬೀದಿಗೆ ಒಗೀತಾನ ಅನಕೊಂಡೆ. ಒಗೀಲಿಲ್ಲ. ತನ್ನ ಮಂಚದ ಹತ್ರ ಕಿಟಕಿಯಾಗ ಇಟ್ಟುಕೊಂಡ.

ಅವತ್ತಿನಿಂದ ಆ ಡಬ್ಬಿ ಅಲ್ಲೇ ಐತಿ. ಮುಚ್ಚಳ ತೆಗೆಯಂಗಿಲ್ಲ, ನನಗ ಮುಟ್ಟಾಕೂ ಬಿಡಂಗಿಲ್ಲ. ನನಗೋ ತಳಮಳ. ತಿಂತೀಯೋ ಬಿಡ್ತೀಯೋ ಒಂದು ಹೇಳಪ್ಪಾ ಅಂದ್ರ, "ನೋಡೋಣು" ಅಂತಾನ. ಗಾಯ ನೋಡೋಣು ಅಂತ ಕಾಯ್ತೈತೇನು? ಮೊನ್ನೆ ಮಧ್ಯಾಹ್ನ ಕನ್ನಡಕ ಹಾಕ್ಕೊಂಡು, ಡಬ್ಬಿ ಬೆಳಕಿಗೆ ಹಿಡಿದು, ಅದರ ಮ್ಯಾಲಿನ ಚೀಟಿ ಓದಾಕತ್ತಿದ್ದ. ನಾ ಬಾಗಿಲಾಗ ನಿಂತದ್ದು ಅವಗ ಗೊತ್ತಿರಲಿಲ್ಲ. ಆಮ್ಯಾಲೆ ನೋಡಿದ.

"ಅಕ್ಕ, ಇಲ್ಲಿ ಪರೀಕ್ಷೆ ಮಾಡಿದವರು ಅಂತ ಹೆಸರು ಹಾಕ್ಯಾರ. ಕಾವ್ಯ ಕೆ. ಅಂತೈತಿ."

ಎರಡು ವರ್ಷದ ಮ್ಯಾಲೆ ಅವನ ಬಾಯಾಗ ನಿನ್ನ ಹೆಸರು ಕೇಳಿದೆ ಕಾವ್ಯಾ. ನನ್ನ ಕೈಯಾಗಿನ ಅಕ್ಕಿ ಹಸನು ಮಾಡೋ ಮರ ಕೆಳಗ ಇಟ್ಟೆ.

"ಹೌದು. ಅದಕ್ಕೇನೀಗ?"

"ಕೆ ಅಂದ್ರ ನಾನಲ್ಲೇನು? ಲಗ್ನ ಆದ ಮ್ಯಾಲೆ ಗಂಡನ ಹೆಸರು ಹಾಕ್ಕೊಂತಾರಲ್ಲ?"

"ಕೆ ಅಂದ್ರ ಕೊಟ್ರಬಸಪ್ಪ ಅಲ್ಲದಾ ಮತ್ತೇನು, ಕಂಪ್ಲಿ ಕಾಯಿಪಲ್ಯಾನೇನು?" ಅಂದೆ. ನಗತಾನೇನೋ ಅಂತ ನೋಡಿದೆ. ಡಬ್ಬಿ ಮೊದಲಿದ್ದ ಜಾಗಕ್ಕ ಇಟ್ಟು ಗ್ವಾಡಿ ಕಡೆ ಹೊಳ್ಳಿ ಮಲಗಿದ. ಅಳಾಕತ್ತಾನೇನೋ ಅನಿಸಿತು, ಆದ್ರ ನಾ ಹತ್ರ ಹೋಗಲಿಲ್ಲ. ಗಂಡಸರು ಅಳೋವಾಗ ಹೋಗಿ ನಿಂತ್ರ ಅವರಿಗೆ ಸಿಟ್ಟು ಬರ್ತೈತಿ.

ಡ್ರೆಸಿಂಗ್ ನಡೆದೈತಿ. ಗಾಯ ಹಂಗಾ ಐತಿ. ಊಟ ಭಾಳ ಕಡಿಮಿ ಆಗೈತಿ. ಪಂಪೇಶಗ ನನ್ನ ಆಶೀರ್ವಾದ ಹೇಳು. ಅವನ ಹೆಸರೂ ನನ್ನ ಹೆಸರೂ ಎರಡೂ ಆ ಹಂಪಿ ದೇವರದಾ ಅಂತ ಮೊನ್ನೆ ಹೊಳೀತು ನೋಡು ನನಗ. ಇಷ್ಟು ದಿನ ಯಾಕ ಹೊಳೀಲಿಲ್ಲೋ.

ನಿನ್ನ,
ಹಂಪತ್ತಿ


ಚಿತ್ತವಾಡ್ಗಿ
೧೭-೭-೨೦೦೮

ಕಾವ್ಯಾ, ಮಗಳ,

ನೂರು ವರ್ಷ ಬಾಳು. ನಿಮ್ಮಪ್ಪ ಪುಡಿ ತಿಂದ! ಮೊದಲ ಇದನ್ನ ಬರೆದು ಆಮ್ಯಾಲೆ ಉಳಿದದ್ದು.

ಹೋದ ವಾರ ಮುಂಜಾನಿ ನಾ ಅಂಗಳಕ್ಕ ನೀರು ಹಾಕಿ ಒಳಗ ಬಂದ್ರ, ಅವ ಪೂಜಿ ಮುಗಿಸಿ ಮಂಚದ ಮ್ಯಾಲೆ ಕುಂತು ಒಂದು ಲೋಟ ನೀರಿಗೆ ಪುಡಿ ಹಾಕಿ ಚಮಚದಿಂದ ತಿರುವಾಕತ್ತಿದ್ದ. ನನ್ನ ನೋಡಿ ನಿಲ್ಲಿಸಲಿಲ್ಲ. ಮೂಗು ಹಿಡಕೊಳ್ಳಲೂ ಇಲ್ಲ. ಒಂದಾ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡು, "ನನ್ನ ಮಗಳು ನೋಡಿ ಕಳಿಸಿದ್ದು. ಶಿವ ಏನೂ ಅನ್ನಂಗಿಲ್ಲ" ಅಂದ. ತತ್ತಿ ಗಾಡಿಗೆ ಬಡಿಗಿ ಹಿಡಿದು ಹೊಕ್ಕಿದ್ದಾವ ಇವನೇನಾ?

"ಬರೇ ನೀರಾಗ ಯಾಕ ಕುಡೀತೀ? ಹಾಲಾಗ ಕಲಸು ಅಂತ ಬರೆದಾಳ ಆಕಿ. ತಡಿ, ಒಂದು ಲೋಟ ಹಾಲು ಕಾಸಿ ಕೊಡ್ತೀನಿ" ಅಂದೆ.

"ಹಾಲು ಬ್ಯಾಡ."

"ಮೀನು ನಡೀತೈತಿ, ಹಾಲು ನಡೆಯಂಗಿಲ್ಲೇನು? ಇದ್ಯಾವ ಶಾಸ್ತ್ರಲೇ?"

"ಸಕ್ಕರಿ ಕಾಯಿಲಿ ಅಕ್ಕ, ಡಾಕ್ಟರು ಬ್ಯಾಡ ಅಂದಾರ" ಅಂತ ಅಂದು ಚಾದರ ಎಳಕೊಂಡ.

ನಿನ್ನೆ ದವಾಖಾನಿಗೆ ಹೋಗಿದ್ವಿ. ಡಾಕ್ಟರಮ್ಮ ರಕ್ತ ತಪಾಸಣಿ ಚೀಟಿ ನೋಡಿದ್ಲು, ಕಾಲು ನೋಡಿದ್ಲು. ಅಂಚಿನಾಗ ಸಣ್ಣಗ ಕೆಂಪು ಮಾಂಸ ಹುಟ್ಟಿದಂಗೈತಿ, ನಡುವ ಇನ್ನಾ ಕಪ್ಪು ಐತಿ ಅಂದ್ಲು. ನನಗ ತಡೀಲಿಲ್ಲ, ಮುಚ್ಚುಮರಿ ಇಲ್ಲದಾ ಪುಡಿ ಸುದ್ದಿ ಹೇಳಿ, "ಅದರಿಂದಾ ಹುಟ್ಟಿತೇನವ್ವಾ?" ಅಂದೆ. ಆಕಿ ನಗಲಿಲ್ಲ, ಬೈಲೂ ಇಲ್ಲ. "ಹೇಳಾಕ ಬರಂಗಿಲ್ಲ ಅಜ್ಜಿ. ಒಳ್ಳೇದು ಅಂತ ಕೆಲವರು ಬರೆದಾರ, ಪಕ್ಕಾ ಅಂತ ಯಾರೂ ಹೇಳಿಲ್ಲ. ಒಂದು ವಾರದಾಗಂತೂ ಏನೂ ಗೊತ್ತಾಗಂಗಿಲ್ಲ. ತಗೊಂಡ್ರ ತಗೊಳ್ಳಿ, ಡ್ರೆಸಿಂಗು, ಇಂಜೆಕ್ಷನ್ನು ಬಿಡಬ್ಯಾಡ್ರಿ. ಆದ್ರ ಇವರ ಮೈಯಾಗ ಪ್ರೋಟೀನಾ ಇಲ್ಲ. ಗ್ವಾಡಿ ಕಟ್ಟಾಕ ಇಟ್ಟಂಗಿ ಬೇಕಲ್ರಿ? ಒಂದು ಚಮಚ ಪುಡಿಯಿಂದ ಏನಾಕೈತಿ? ಬ್ಯಾಳಿ ತಿನ್ನಿಸ್ರಿ, ಹಾಲು ಮೊಸರು ಹೊಟ್ಟಿತುಂಬ ಕೊಡ್ರಿ" ಅಂದ್ಲು.

"ಹಾಲು ಮೊಸರು ನೀವಾ ಬ್ಯಾಡ ಅಂದೀರಂತಲ್ಲ!"

"ನಾ ಯಾವಾಗ ಅಂದೆ ಅಜ್ಜಿ? ಸಕ್ಕರಿ ಹಾಕದಾ ಕುಡಿಯಾಕ ಏನಡ್ಡಿ?"

ನಾ ನಿಮ್ಮಪ್ಪನ ಕಡೆ ನೋಡಿದೆ. ಅವ ಗ್ವಾಡಿಮ್ಯಾಲಿನ ಕ್ಯಾಲೆಂಡರ್ ನೋಡಾಕತ್ತಿದ್ದ. ಆಟೋದಾಗ ಬರೋವಾಗ ಕೇಳಿದೆ, ಬೈದೆ, ಕೈ ಮುಗಿದೆ. ಅವ ರಸ್ತೆ ಕಡೆ ಮುಖ ಮಾಡಿ ಕುಂತ. ಇಪ್ಪತ್ತೆಂಟಕ್ಕ ಸೋಮವಾರ ಮತ್ತ ಬಾ ಅಂದಾಳ. ಅಷ್ಟರಾಗ ಮೈಗೆ ಬಲ ಬಂದು ನಡುವಿನ ಕಪ್ಪು ಕಡಿಮಿ ಆದ್ರ ಸರಿ. ಇಲ್ಲಂದ್ರ ಪಾದ ತೆಗೆಯೋದಾ ಅಂತ ಈ ಸಲ ಅವನ ಮುಂದಾ ಹೇಳಿದ್ಲು. "ಆತ್ರಿ" ಅಂದ ನಿಮ್ಮಪ್ಪ. ಆತ್ರಿ ಅಂತ! ಬತ್ತದ ಚೀಲ ಇಳಿಸ್ರಿ ಅಂದಂಗ. ಬಾಯಿಗೆ ಹಾಲು ಹೊಯ್ಯಾಕ ಬರುವಂಗಿದ್ರ ಮೂಗು ಹಿಡಿದು ಹೊಯ್ತಿದ್ದೆ. ಇಂಥಾ ಮೊಂಡನ್ನ ಇಟ್ಟುಕೊಂಡು ನಾ ಹೆಂಗ ಮಾಡ್ಲಿ ಹೇಳು.

ಹೊಳೆಮ್ಮ ನಿನ್ನೆ ಸಂಜೀಕ ಬಂದಿದ್ಲು, ಪುಡಿ ತೀರಿತೇನು ಅಂತ ಕೇಳಾಕ. ಹಿತ್ತಲಾಗ ನಿಂತಿದ್ಲು. ಒಳಗಿಂದ ನಿಮ್ಮಪ್ಪ, "ಬೀಗತಿಯವರಿಗೆ ಮುಂದಿನ ಬಾಗಿಲಿಲೆ ಬರಾಕ ಹೇಳಕ್ಕ" ಅಂದ. ಆಕಿ ಸುತ್ತು ಹಾಕಿ ಮುಂದ ಬಂದು ಹೊಸ್ತಿಲದಾಗಾ ನಿಂತ್ಲು. "ಕುಂದ್ರಿ" ಅಂದ. ಕುಂತ್ಲು. ಇಬ್ಬರೂ ಮಳಿ ಸುದ್ದಿ, ಡ್ಯಾಮಿಗೆ ನೀರು ಬಂದ ಸುದ್ದಿ ಮಾತಾಡಿದ್ರು. ನಾ ಚಾ ಕೊಟ್ಟೆ, ಆಕಿಗೆ ಹಾಲಿಂದು, ಅವಗ ಕರೀದು. ಹೋಗೋವಾಗ ಉಡಿ ತುಂಬಿದೆ. ಆಕಿ ಕಣ್ಣಾಗ ನೀರು, ನನ್ನ ಕಣ್ಣಾಗೂ ನೀರು. ಇಬ್ಬರೂ ಧೂಳು ಬಿತ್ತು ಅಂದ್ವಿ.

ದೇವರು ನಿನ್ನನ್ನೂ ಪಂಪೇಶನ್ನೂ ತಣ್ಣಗ ಇಟ್ಟಿರಲಿ. ನಿನ್ನ ಮೈ ನೋಡಿಕೋ. ಕಡಲ ಗಾಳಿಯಾಗ ತಲಿ ಬಿಟ್ಟುಕೊಂಡು ತಿರುಗಬ್ಯಾಡ.

ಇಂತಿ ನಿನ್ನ,
ಹಂಪತ್ತಿ

ತಾ.ಕ.: ಕಾಗದ ಅಂಟಿಸಿ ಇಟ್ಟಿದ್ದೆ, ಉಗುರಿಲೆ ಬಿಚ್ಚಿ ಮತ್ತ ಬರಿಯಾಕತ್ತೀನಿ. ಇವತ್ತ ಮುಂಜಾನಿ ಹಟಕ್ಕ ಬಿದ್ದು ಹಾಲು ಕಾಸಿ, ಕೆನಿ ಸಮೇತ ಅವನ ಹಿತ್ತಾಳಿ ಲೋಟಕ್ಕ ಹಾಕಿ ಮುಂದ ಇಟ್ಟೆ. ಅವ ಬೆರಳ ತುದಿಲೆ ಲೋಟ ಹಿಂದಕ್ಕ ಸರಿಸಿದ. ಆ ಸರಿಸಿದ್ದು ನೋಡಿದ ಕೂಡಲೆ ನನಗ ನೆನಪಾತು. ನೀ ಮನಿ ಬಿಟ್ಟ ದಿನ ಸಂಜೀಕ ಇದಾ ಲೋಟ ಹಿಂಗಾ ಸರಿಸಿದ್ದ. "ಇವತ್ತಿಂದ ಬ್ಯಾಡಕ್ಕ" ಅಂದಿದ್ದ. ಸಕ್ಕರಿ ಕಾಯಿಲಿ ಅದಕ್ಕೂ ಎಷ್ಟೋ ಮೊದಲಿಂದ ಇತ್ತಲ್ಲ, ಆವಾಗೆಲ್ಲಾ ಕುಡೀತಿದ್ದನಲ್ಲ! ನಿಮ್ಮಜ್ಜಿ ಎಲಿ ಅಡಿಕಿ ಕಂಡಾಕಿ ನಾನು, ನಾನಾ ಮಾವು ಬಿಟ್ಟು ಕುಂತಾಕಿ, ಅಂಗೈ ಹುಣ್ಣು ನೋಡಾಕ ನನಗ ಕನ್ನಡಿ ಬೇಕಾತು.

"ಲೇ ಕೊಟ್ರ, ಕಾವ್ಯ ಬಂದು ಕೈಯಾರೆ ಕೊಟ್ರ ಕುಡೀತೀಯೇನು?" ಅಂದೆ.

ಅವನ ಕೈ ಕೊಳ್ಳಾಗಿನ ಲಿಂಗದ ಮ್ಯಾಲೆ ಹೋತು. "ಹೇಳಬಾರದ್ದನ್ನ ಕೇಳಬ್ಯಾಡಕ್ಕ" ಅಂದ.

ಬಾಯಿಲೆ ಬರಬ್ಯಾಡ ಅಂದಾವ ಹೊಟ್ಟಿಲೆ ಬಾ ಅಂತ ಎರಡು ವರ್ಷದಿಂದ ಕರೆಯಾಕತ್ಯಾನ ಕಾವ್ಯಾ. ಮೀನು ತಿಂದ, ಹಾಲು ಮುಟ್ಟಲಿಲ್ಲ. ಕಾಲು ಕೊಡಾಕ ತಯಾರಾದ, ಹರಕಿ ಕೊಡಾಕ ಆಗಲಿಲ್ಲ. ಅವ ಹೇಳಿಲ್ಲ, ನಾ ತಿಳಕೊಂಡೀನಿ, ಹಂಗಾಗಿ ಹರಕಿ ಕೆಟ್ಟಿಲ್ಲ. ಈ ಕಾಗದ ಟಪಾಲಿಗೆ ಹಾಕಂಗಿಲ್ಲ, ಹೊಳೆಮ್ಮ ಇವತ್ತಿನ ಬಸ್ಸಿಗೆ ತಾನಾ ಒಯ್ತೀನಿ ಅಂದಾಳ. ಓದಿ ಅಳಕೊಂತ ಕುಂದ್ರಬ್ಯಾಡ, ಆಕಿ ಕೂಡ ಹೊಂಟುಬಾ. ಪಂಪೇಶನ್ನೂ ಕರಕೊಂಡು ಬಾ. ಮುಂದಿನ ಬಾಗಿಲಿಲೆ ಬರ್ರಿ. ಪುಡಿ ಮರೆತು ಬಂದ್ರೂ ನಡೀತೈತಿ. ಹಾಲು ನಾ ಕಾಸಿರ್ತೀನಿ.